ಶನಿವಾರದ ಮಡಕೆ

ಅಮೆರಿಕದ ಬೋಸ್ಟನ್ ನಗರಕ್ಕೆ ‘ಬೀನ್‌ಟೌನ್’ ಎಂಬ ಅಡ್ಡಹೆಸರಿದೆ. ಕಾಳಿನ ಊರು ಎಂದು ಅರ್ಥ. ಬಿಳಿಯ ಸಣ್ಣ ಬೀನ್ಸ್ ಕಾಳನ್ನು ಮಣ್ಣಿನ ಮಡಕೆಗೆ ಹಾಕಿ, ಕಾಕಂಬಿ, ಸಾಸಿವೆ, ಈರುಳ್ಳಿ, ಉಪ್ಪಿನಲ್ಲಿಟ್ಟ ಹಂದಿಮಾಂಸದ ತುಂಡು ಸೇರಿಸಿ, ಇಟ್ಟಿಗೆ ಒಲೆಯ ಗೂಡಿನೊಳಗೆ ಗಂಟೆಗಟ್ಟಲೆ ಬೇಯಲು ಬಿಡುವ ಅಡುಗೆಯಿಂದ ಆ ಊರಿಗೆ ಈ ಹೆಸರು ಅಂಟಿಕೊಂಡಿತು. ಬೇಕ್ಡ್ ಬೀನ್ಸ್ ಎಂದು ಇಂದು ಡಬ್ಬಿಗಳಲ್ಲಿ ಸಿಗುವುದು ಅದರ ದೂರದ ಸಂತತಿ. ನೋಡಲು ಬಡವರ ಊಟ. ಆದರೆ ಆ ಮಡಕೆಯ ತಳ ಕೆದಕಿದರೆ ನಾಲ್ಕು ಖಂಡಗಳ ಚರಿತ್ರೆ ಸಿಗುತ್ತದೆ. ಅದರಲ್ಲಿ ಸಿಹಿಯೂ ಇದೆ, ಸೀದದ್ದೂ ಇದೆ.

ಮೊದಲು ಕಾಳಿನ ಮಾತು. ನಮ್ಮ ಹೊಲಗಳಲ್ಲಿ ಅವರೆ, ಹುರುಳಿ, ಹೆಸರು, ಉದ್ದು ಎಂದಿನಿಂದಲೋ ಇದ್ದವು. ನಾವು ಬೀನ್ಸ್, ರಾಜ್ಮಾ ಎಂದು ಕರೆಯುವ ಜಾತಿ ಮಾತ್ರ ಅಮೆರಿಕ ಖಂಡದ್ದು. ಮೆಕ್ಸಿಕೊದ ಕಡೆ ಒಮ್ಮೆ, ಆಂಡಿಸ್ ಬೆಟ್ಟಗಳ ಕಡೆ ಮತ್ತೊಮ್ಮೆ, ಬೇರೆ ಬೇರೆಯಾಗಿ ಅಲ್ಲಿನ ಮೂಲನಿವಾಸಿಗಳು ಅದನ್ನು ಕಾಡಿನಿಂದ ಹೊಲಕ್ಕೆ ತಂದು ಪಳಗಿಸಿದರು. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪಿದ ಮೇಲೆಯೇ ಅದು ಹಡಗು ಹತ್ತಿ ಉಳಿದ ಲೋಕಕ್ಕೆ ಬಂದದ್ದು. ಉತ್ತರ ಅಮೆರಿಕದ ಬುಡಕಟ್ಟುಗಳು ಮೆಕ್ಕೆಜೋಳ, ಬೀನ್ಸ್, ಕುಂಬಳವನ್ನು ಒಂದೇ ಪಾತಿಯಲ್ಲಿ ಬೆಳೆದು ‘ಮೂವರು ಅಕ್ಕತಂಗಿಯರು’ ಎನ್ನುತ್ತಿದ್ದರು. ಜೋಳದ ದಂಟು ಬಳ್ಳಿಗೆ ಆಸರೆ, ಬೀನ್ಸ್ ಬೇರು ಮಣ್ಣಿಗೆ ಸಾರಜನಕ, ಕುಂಬಳದ ಎಲೆ ನೆಲಕ್ಕೆ ನೆರಳು. 1620ರಲ್ಲಿ ಪ್ಲಿಮತ್ತಿನಲ್ಲಿ ಇಳಿದ ಇಂಗ್ಲಿಷ್ ವಲಸಿಗರಲ್ಲಿ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. ಮರುವರ್ಷ ಅವರಿಗೆ ಜೋಳ ಬಿತ್ತಲು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿ. ಕೆಲವು ವರ್ಷಗಳ ಹಿಂದೆ ಒಬ್ಬ ಇಂಗ್ಲಿಷ್ ಹಡಗಿನವನೇ ಅವನನ್ನು ಮೋಸದಿಂದ ಹಿಡಿದು ಸ್ಪೇನಿನಲ್ಲಿ ಮಾರಲು ಒಯ್ದಿದ್ದ! ಹೇಗೋ ತಪ್ಪಿಸಿಕೊಂಡು ಊರಿಗೆ ಮರಳಿದಾಗ ಅವನ ಜನರೆಲ್ಲ ರೋಗಕ್ಕೆ ಬಲಿಯಾಗಿದ್ದರು.

1630ರಲ್ಲಿ ಬೋಸ್ಟನ್ ಕಟ್ಟಿದ ಪ್ಯೂರಿಟನ್ನರು ಕಟ್ಟುನಿಟ್ಟಿನ ಕ್ರೈಸ್ತರು. ಅವರ ವಿಶ್ರಾಂತಿಯ ದಿನ ಶನಿವಾರದ ಸೂರ್ಯಾಸ್ತಕ್ಕೆ ಶುರುವಾಗಿ ಭಾನುವಾರದ ಸೂರ್ಯಾಸ್ತಕ್ಕೆ ಮುಗಿಯುತ್ತಿತ್ತು. ಗುರುವಾರದ ರಾತ್ರಿಯನ್ನೇ ಜುಮಾ ರಾತ್ರಿ ಎಂದು ಕರೆಯುವ ನಮಗೆ ಈ ಲೆಕ್ಕ ಹೊಸದಲ್ಲ. ಆ ಹೊತ್ತಿನಲ್ಲಿ ಕೆಲಸ ಕೂಡದು, ಅಡುಗೆಯೂ ಕೂಡದು. ಹಾಗಾಗಿ ಶನಿವಾರ ಬೆಳಿಗ್ಗೆಯೇ ಮಡಕೆ ಗೂಡು ಸೇರುತ್ತಿತ್ತು. ರಾತ್ರಿಗೆ ಬಿಸಿ ಊಟ, ಭಾನುವಾರಕ್ಕೆ ಆರುತ್ತಿರುವ ಗೂಡಿನಲ್ಲೇ ಉಳಿದ ಬೆಚ್ಚಗಿನ ಕಾಳು. ಜೊತೆಗೆ ರೈ ಮತ್ತು ಜೋಳದ ಹಿಟ್ಟಿನ ಕಂದು ರೊಟ್ಟಿ.

ಇದೇ ಉಪಾಯವನ್ನು ಯಹೂದಿಗಳು ಎಷ್ಟೋ ಶತಮಾನಗಳ ಮೊದಲೇ ಕಂಡುಕೊಂಡಿದ್ದರು. ಅವರ ವಿಶ್ರಾಂತಿ ದಿನ ಶುಕ್ರವಾರ ಸಂಜೆಗೆ ಶುರು. ಅದಕ್ಕೆ ಮುನ್ನ ಕಾಳು, ಮಾಂಸ ತುಂಬಿದ ಮಡಕೆಯನ್ನು ಕೆಂಡದಲ್ಲಿ ಹೂತಿಟ್ಟು ಮರುದಿನ ತೆಗೆಯುತ್ತಿದ್ದರು. ಮೊರಾಕ್ಕೊದಲ್ಲಿ ಅದರ ಹೆಸರು ದಫೀನಾ. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಿಲ್ಲ. ದಫನ್ ಮಾಡಿದ್ದು, ಹೂತಿಟ್ಟದ್ದು. ಸ್ಪೇನಿನಲ್ಲಿ ಅರಬಿ ಮಾತಾಡುವ ಯಹೂದಿಗಳು ಇದನ್ನೇ ಅದಫಿನಾ ಎಂದರು. 1492ರಲ್ಲಿ ಗ್ರನಾಡಾ ಬಿದ್ದು, ಯಹೂದಿಗಳನ್ನು ದೇಶದಿಂದ ಅಟ್ಟಿ, ಮುಂದೆ ಮುಸ್ಲಿಮರನ್ನೂ ಮತಾಂತರಗೊಳಿಸಿದ ಮೇಲೆ ಈ ಮಡಕೆ ಸಾಕ್ಷಿಕಟ್ಟೆ ಹತ್ತಿತು. ಯಾರ ಮನೆಯಲ್ಲಿ ಶುಕ್ರವಾರ ರಾತ್ರಿ ಮಡಕೆ ಹೂಳುತ್ತಾರೆ, ಯಾರು ಹಂದಿ ತಿನ್ನುವುದಿಲ್ಲ ಎಂದು ಅಕ್ಕಪಕ್ಕದವರೂ ಕೆಲಸದವರೂ ಧಾರ್ಮಿಕ ನ್ಯಾಯಾಲಯಕ್ಕೆ ದೂರು ಕೊಟ್ಟರು. ಹೆದರಿದವರು ಮಡಕೆಗೆ ಹಂದಿಯ ತುಂಡು ಹಾಕಿ ತಮ್ಮ ನಿಷ್ಠೆ ಸಾಬೀತು ಮಾಡಬೇಕಾಯಿತು. ಪಕ್ಕದ ಮನೆಯ ಪಾತ್ರೆಗೆ ಇಣುಕುವ ಚಾಳಿ ಇಂದಿನದಲ್ಲ. ದಫೀನಾವೇ ಹಡಗಿನವರ ಮೂಲಕ ಬೋಸ್ಟನ್ ಸೇರಿತು ಎನ್ನುವ ಬರಹಗಾರರಿದ್ದಾರೆ. ಮೂಲನಿವಾಸಿಗಳು ನೆಲದ ಕುಳಿಯಲ್ಲಿ ಕಾಳು ಬೇಯಿಸುತ್ತಿದ್ದ ಕ್ರಮವೇ ಮೂಲ ಎನ್ನುವವರೂ ಇದ್ದಾರೆ. ಎರಡಕ್ಕೂ ಗಟ್ಟಿ ಪುರಾವೆಯಿಲ್ಲ. ಒಂದೇ ನಿಯಮ ಎರಡು ಕಡೆ ಒಂದೇ ಮಡಕೆಯನ್ನು ಹುಟ್ಟಿಸಿದ್ದರೆ ಆಶ್ಚರ್ಯವೂ ಇಲ್ಲ.

ಇನ್ನು ಕಾಕಂಬಿ. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ದ್ರವ. ಬೋಸ್ಟನ್ ಸುತ್ತ ಕಬ್ಬು ಬೆಳೆಯದು. ಅದು ಬಂದದ್ದು ಬಾರ್ಬಡೋಸ್, ಜಮೈಕಾದಂಥ ಕೆರಿಬಿಯನ್ ದ್ವೀಪಗಳಿಂದ. ಅಲ್ಲಿ ಕಬ್ಬು ಕಡಿದು ಗಾಣಕ್ಕೆ ಕೊಡುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕಟಾವಿನ ಕಾಲದಲ್ಲಿ ಆಲೆಮನೆಯ ಕೊಪ್ಪರಿಗೆ ಹಗಲಿರುಳು ಆರುತ್ತಿರಲಿಲ್ಲ. ಭಾನುವಾರ ಬಿಡುವು ಸಿಕ್ಕರೆ ಆ ದಿನ ತಮ್ಮ ಹೊಟ್ಟೆಯ ಗೆಡ್ಡೆಗೆಣಸು ತಾವೇ ಬೆಳೆದುಕೊಳ್ಳಬೇಕಿತ್ತು. ಬೋಸ್ಟನ್ನಿನ ವ್ಯಾಪಾರಿಗಳು ಯಾರೂ ಕೊಳ್ಳದ ಕೀಳು ದರ್ಜೆಯ ಒಣಮೀನನ್ನು ಗುಲಾಮರ ಊಟಕ್ಕೆಂದು ದ್ವೀಪಗಳಿಗೆ ಕಳಿಸಿ, ಬದಲಿಗೆ ಕಾಕಂಬಿ ತರುತ್ತಿದ್ದರು. ಅದರಿಂದ ರಮ್ ಬಟ್ಟಿ ಇಳಿಸುತ್ತಿದ್ದರು. ಆ ರಮ್ಮಿನ ಒಂದು ಪಾಲು ಆಫ್ರಿಕಾದ ತೀರಕ್ಕೆ ಹೋಗಿ ಮತ್ತಷ್ಟು ಮನುಷ್ಯರನ್ನು ಕೊಳ್ಳಲು ಬಳಕೆಯಾಗುತ್ತಿತ್ತು. ಮ್ಯಾಸಚೂಸೆಟ್ಸ್ ವಸಾಹತು 1641ರಲ್ಲೇ ಗುಲಾಮಗಿರಿಗೆ ಕಾನೂನಿನ ಮುದ್ರೆ ಒತ್ತಿತ್ತು. ಒಬ್ಬರ ವಿಶ್ರಾಂತಿಯ ದಿನದ ಬಂದರಿನಲ್ಲಿ ಇಳಿಯುತ್ತಿದ್ದುದು ವಿಶ್ರಾಂತಿಯೇ ಇಲ್ಲದವರ ಬೆವರು.

ಮೊದಮೊದಲ ಮಡಕೆಗಳಲ್ಲೆಲ್ಲ ಕಾಕಂಬಿ ಇತ್ತೆಂದು ಹೇಳಲಾಗದು. ಲಿಡಿಯಾ ಮಾರಿಯಾ ಚೈಲ್ಡ್ 1829ರಲ್ಲಿ ಬಡ ಗೃಹಿಣಿಯರಿಗಾಗಿ ಬರೆದ ಅಡುಗೆ ಪುಸ್ತಕದಲ್ಲಿ ಈ ಕಾಳಿಗೆ ಹಂದಿಮಾಂಸವಿದೆ, ಮೆಣಸಿದೆ, ಕಾಕಂಬಿಯಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಬೇರೆ ತಿನಿಸುಗಳಿಗೆ ಆಕೆ ಅದನ್ನು ಹಾಕಿಸಿದ್ದಾಳೆ. ಆದರೆ ಅದೇ ಹೆಣ್ಣುಮಗಳು 1833ರಲ್ಲಿ ಗುಲಾಮಗಿರಿಯ ವಿರುದ್ಧ ದೊಡ್ಡ ಪುಸ್ತಕ ಬರೆದಳು. ಅಡುಗೆ ಹೇಳಿಕೊಟ್ಟಾಗ ಮೆಚ್ಚಿದ ಸಮಾಜ ನ್ಯಾಯ ಹೇಳಿದಾಗ ಮುನಿಸಿಕೊಂಡಿತು. ಆಕೆ ನಡೆಸುತ್ತಿದ್ದ ಮಕ್ಕಳ ಪತ್ರಿಕೆಯಿಂದ ಚಂದಾದಾರರು ಕಳಚಿಕೊಂಡರು. 1834ರಲ್ಲಿ ಆಕೆ ಅದನ್ನು ಬಿಡಬೇಕಾಯಿತು.

ಗುಲಾಮರಾಗಿ ಅಮೆರಿಕ ಸೇರಿದವರಲ್ಲಿ ಮುಸ್ಲಿಮರೂ ಇದ್ದರು. ಉತ್ತರ ಕೆರೊಲಿನಾದಲ್ಲಿ ಉಮರ್ ಇಬ್ನ್ ಸಯೀದ್ ಎಂಬಾತ 1831ರಲ್ಲಿ ಅರಬಿಯಲ್ಲಿ ಬರೆದ ಆತ್ಮಕಥೆ ಇಂದಿಗೂ ಉಳಿದಿದೆ. ತೋಟಗಳಲ್ಲಿ ಗುಲಾಮರಿಗೆ ಅಳೆದು ಕೊಡುತ್ತಿದ್ದ ಪಡಿ ಎಂದರೆ ಬಹುಪಾಲು ಜೋಳದ ಹಿಟ್ಟು ಮತ್ತು ಹಂದಿಮಾಂಸ. ಬೇಡವೆನ್ನುವ ಸ್ವಾತಂತ್ರ್ಯ ಯಾರಿಗಿತ್ತು?

ಆ ಸ್ವಾತಂತ್ರ್ಯವನ್ನು ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಕೇಳಿದರು. ಇಪ್ಪತ್ತನೆಯ ಶತಮಾನದಲ್ಲಿ ಕಪ್ಪು ಜನರ ನಡುವೆ ಬೆಳೆದ ‘ನೇಷನ್ ಆಫ್ ಇಸ್ಲಾಂ’ ಸಂಘಟನೆಯ ನಂಬಿಕೆಗಳು ನಾವು ಬಲ್ಲ ಇಸ್ಲಾಮಿಗಿಂತ ಬೇರೆಯಾಗಿದ್ದವು. ಅದರ ನಾಯಕ ಎಲೈಜಾ ಮುಹಮ್ಮದ್ 1967ರಲ್ಲಿ ಆಹಾರದ ಬಗ್ಗೆ ಪುಸ್ತಕ ತಂದರು. ಹಂದಿ ಬೇಡ, ಗುಲಾಮಗಿರಿಯ ಕಾಲದ ಊಟ ಬೇಡ ಎಂದರು. ಅವರು ಎತ್ತಿ ಹಿಡಿದ ಕಾಳು ಯಾವುದು? ಅಮೆರಿಕದ ನೌಕಾಪಡೆಯ ಊಟದಿಂದ ಹೆಸರು ಪಡೆದ ಸಣ್ಣ ಬಿಳಿ ‘ನೇವಿ ಬೀನ್’. ಬೋಸ್ಟನ್ ಮಡಕೆಯ ಅದೇ ಕಾಳು. ಅದರ ಸಾರು, ಅದನ್ನು ಅರೆದು ಮಾಡಿದ ಸಿಹಿ ‘ಬೀನ್ ಪೈ’ ಕಪ್ಪು ಮುಸ್ಲಿಮರ ಗುರುತಾದವು. ಬೀದಿಯಲ್ಲಿ ಪತ್ರಿಕೆ ಮಾರುತ್ತಿದ್ದ ಯುವಕರು ಪೈಯನ್ನೂ ಮಾರಿದರು. 1975ರಲ್ಲಿ ಎಲೈಜಾ ತೀರಿಕೊಂಡ ಮೇಲೆ ಮಗ ವಾರಿಸ್ ದೀನ್ ಮುಹಮ್ಮದ್ ಬಹುಪಾಲು ಅನುಯಾಯಿಗಳನ್ನು ಸುನ್ನಿ ಇಸ್ಲಾಮಿನತ್ತ ಕರೆದೊಯ್ದರು. ನಂಬಿಕೆ ಬದಲಾಯಿತು, ಪೈ ಉಳಿಯಿತು.

ಈ ಮಡಕೆಯನ್ನು ನಮ್ಮ ಮನೆಯಲ್ಲಿ ಹೂಡುವುದು ಕಷ್ಟವಲ್ಲ. ಅರ್ಧ ಕೆ.ಜಿ. ಸಣ್ಣ ಬಿಳಿ ರಾಜ್ಮಾ ರಾತ್ರಿ ನೆನೆಸಿ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ. ಹಸಿಗಾಳಿನಲ್ಲಿ ಹೊಟ್ಟೆ ಕೆಡಿಸುವ ವಿಷವಿದೆ, ಬರೀ ಮಂದ ಉರಿಗೆ ಅದು ಹೋಗದು. ಬಳಿಕ ಉರಿ ತಗ್ಗಿಸಿ. ಚಮಚದಲ್ಲಿ ನಾಲ್ಕು ಕಾಳು ತೆಗೆದು ಊದಿದರೆ ಸಿಪ್ಪೆ ಬಿರಿಯಬೇಕು. ಅಲ್ಲಿಯವರೆಗೆ ಸಿಹಿ, ಹುಳಿ ಹಾಕಬಾರದು. ಕಾಕಂಬಿಯಲ್ಲಿರುವ ಸುಣ್ಣದಂಶ, ಟೊಮೆಟೊದ ಹುಳಿ ಎರಡೂ ಕಾಳು ಮೆತ್ತಗಾಗದಂತೆ ತಡೆಯುತ್ತವೆ. ಬೆಂದ ಮೇಲೆ ಅದೇ ಗುಣ ಕಾಳು ಕರಗದಂತೆ ಕಾಯುತ್ತದೆ. ಕಾಕಂಬಿಯ ಬದಲು ಮಲೆನಾಡಿನ ಜೋನಿಬೆಲ್ಲ ಅರ್ಧ ಲೋಟ, ಎರಡು ಚಮಚ ಸಾಸಿವೆ ಪುಡಿ, ಎರಡು ಈರುಳ್ಳಿ, ಕರಿಮೆಣಸು, ಉಪ್ಪು, ಹಂದಿಯ ಜಾಗಕ್ಕೆ ಕುರಿಯ ಕೊಬ್ಬು ಇಲ್ಲವೇ ಎಣ್ಣೆ. ಕಾಳು ಮುಳುಗುವಷ್ಟು ಬೇಯಿಸಿದ ನೀರು ಹಾಕಿ, ಮುಚ್ಚಳಕ್ಕೆ ಬಿರಿಯಾನಿ ದಮ್ಮಿನ ಹಾಗೆ ಹಿಟ್ಟು ಮೆತ್ತಿ, ಓವನ್ನಿನಲ್ಲಿ 140 ಡಿಗ್ರಿಗೆ ನಾಲ್ಕೈದು ಗಂಟೆ ಬಿಡಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯನ್ನು ತವಾ ಮೇಲಿಟ್ಟು ಸಣ್ಣ ಉರಿ ಸಾಕು. ನಡುವೆ ತೆಗೆದು ನೋಡಿ, ನೀರು ಇಂಗಿದ್ದರೆ ಬಿಸಿನೀರು ಸೇರಿಸಿ.

ಹೊಗೆಯ ಘಮ ಅಮೆರಿಕದವರಿಗೆ ಹೊಗೆಯಾಡಿಸಿದ ಹಂದಿಮಾಂಸದಿಂದ ಬರುತ್ತದೆ. ನಮಗೆ ಅದರ ಹಂಗಿಲ್ಲ. ಧುಂಗಾರ್ ನಮ್ಮ ಅಡುಗೆಮನೆಗಳಲ್ಲೇ ಇದೆ. ಪುಟ್ಟ ಬಟ್ಟಲಲ್ಲಿ ನಿಗಿನಿಗಿ ಕೆಂಡವಿಟ್ಟು, ಕಾಳಿನ ನಡುವೆ ಕೂರಿಸಿ, ಮೇಲೆ ತುಪ್ಪ ಬಿಟ್ಟು ತಕ್ಷಣ ಮುಚ್ಚಿ. ಐದು ನಿಮಿಷ ಸಾಕು.

ಬ್ರಿಟನ್ನಿನ ಡಬ್ಬಿ ಬೀನ್ಸಿನಲ್ಲೂ ಮೊದಲು ಹಂದಿಯ ತುಂಡು ಇರುತ್ತಿತ್ತು. ಎರಡನೆಯ ಮಹಾಯುದ್ಧದ ಪಡಿತರದ ಕಾಲದಲ್ಲಿ ತೆಗೆದರು, ಮತ್ತೆ ಹಾಕಲಿಲ್ಲ, ಯಾರಿಗೂ ಅದು ಬೇಕೆನಿಸಲೂ ಇಲ್ಲ. ಮಡಕೆಯಿಂದ ಹಂದಿ ತೆಗೆಯುವುದು ಅಷ್ಟು ಸುಲಭ. ಕಾಕಂಬಿಯ ಹಿಂದಿನ ಬೆವರನ್ನು ತೆಗೆಯುವುದು ಸುಲಭವಲ್ಲ. ಹಲಾಲ್ ಎಂದರೆ ಪಾತ್ರೆಯೊಳಗೆ ಏನಿದೆ ಎಂಬುದಷ್ಟೇ ಪ್ರಶ್ನೆಯಲ್ಲ, ಅದು ಯಾರ ಕೈಯಿಂದ ಬಂತು, ಆ ಕೈಗೆ ಕೂಲಿ ಸಿಕ್ಕಿತೇ ಎಂಬುದೂ ಪ್ರಶ್ನೆ. ಕಬ್ಬಿನ ಗದ್ದೆಗಳು ನಮ್ಮ ನಾಡಿನಲ್ಲೂ ಇವೆ. ಕಟಾವಿಗೆ ಊರು ಬಿಟ್ಟು ಬಂದು ಗದ್ದೆಯಂಚಿನ ಜೋಪಡಿಯಲ್ಲಿ ಮಲಗುವ ಕುಟುಂಬಗಳೂ ಇವೆ. ಅವರಿಗೂ ವಾರಕ್ಕೊಂದು ದಿನ ಒಲೆಯ ಮೇಲೆ ಮಡಕೆಯಿಟ್ಟು ನಿಶ್ಚಿಂತೆಯಿಂದ ಮಲಗುವ ಹಕ್ಕಿದೆ.