ಮುಯ್ಯಾಳಿಗೂ ಅಪಘಾತ ವಿಮೆ

ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬುದೊಂದು ಪದ್ಧತಿ. ಇವನ ಮನೆಗೆ ಹೆಂಚು ಹೊದಿಸಲು ಅವನು ಬರುತ್ತಾನೆ. ಅವನ ಗದ್ದೆಯ ನಾಟಿಗೆ ಇವನು ಹೋಗುತ್ತಾನೆ. ಕೂಲಿಯ ಮಾತೇ ಇಲ್ಲ. ಜರ್ಮನಿಯಲ್ಲಿಯೂ ಸ್ವಂತ ಮನೆ ಕಟ್ಟುವವರು ಖರ್ಚು ಉಳಿಸಲು ನೆಂಟರನ್ನು, ಗೆಳೆಯರನ್ನು, ಪಕ್ಕದ ಮನೆಯವರನ್ನು ಕೆಲಸಕ್ಕೆ ಕರೆದುಕೊಳ್ಳುವುದು ಹಳೆಯ ರೂಢಿ. ಆದರೆ ಹಾಗೆ ಬಂದವರು ಕರಣೆ ಹಿಡಿದರೆ ಸಾಕು, ಕಾನೂನು ಅವರನ್ನು ಕಾರ್ಮಿಕರಂತೆಯೇ ಕಾಣುತ್ತದೆ. ಮನೆ ಕಟ್ಟಿಸುವವನು ಉದ್ದಿಮೆದಾರನಾಗುತ್ತಾನೆ. ಕೆಲಸ ಶುರುವಾದ ಒಂದು ವಾರದೊಳಗೆ ಅವನು ಕಟ್ಟಡ ಕೆಲಸದ ಅಪಘಾತ ವಿಮಾ ಸಂಸ್ಥೆಗೆ ತಿಳಿಸಬೇಕು. ಯಾರು ಎಷ್ಟು ಗಂಟೆ ದುಡಿದರೆಂಬ ಲೆಕ್ಕ ಒಪ್ಪಿಸಿ ವಂತಿಗೆ ಕಟ್ಟಬೇಕು. ಕೂಲಿ ಕೊಡದಿದ್ದರೂ ವಂತಿಗೆ ತಪ್ಪದು.

ಸ್ನೇಹದ ನಡುವೆ ಸರ್ಕಾರ ಹೀಗೆ ತಲೆಹಾಕಿದ್ದಕ್ಕೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1871ರ ಜರ್ಮನ್ ಕಾನೂನಿನಂತೆ, ರೈಲು ಅಪಘಾತಗಳನ್ನು ಬಿಟ್ಟರೆ, ಕೆಲಸದಲ್ಲಿ ಕೈಕಾಲು ಕಳೆದುಕೊಂಡವನು ತಪ್ಪು ಮಾಲೀಕನ ಕಡೆಯದೆಂದು ತಾನೇ ರುಜುವಾತು ಮಾಡಬೇಕಿತ್ತು. ಸಾರುವೆ ಮುರಿದು ಬಿದ್ದ ಗಾರೆಯವನು ಸಾಕ್ಷಿ ಎಲ್ಲಿಂದ ತಂದಾನು? ಸಾಕ್ಷಿ ಹೇಳಬೇಕಾದ ಜೊತೆಗಾರನಿಗೂ ಅದೇ ಮಾಲೀಕನ ಅನ್ನದ ಋಣ.

ಚಾನ್ಸೆಲರ್ ಬಿಸ್ಮಾರ್ಕ್ ತಂದ 1884ರ ಅಪಘಾತ ವಿಮಾ ಕಾನೂನು ಈ ಲೆಕ್ಕವನ್ನೇ ತಿರುವಿಹಾಕಿತು. ಬಿಸ್ಮಾರ್ಕನಿಗೆ ಕಾರ್ಮಿಕರ ಮೇಲಿನ ಮಮತೆಗಿಂತ ಸಮಾಜವಾದಿಗಳ ಮೇಲಿನ ಭಯವೇ ದೊಡ್ಡದಿತ್ತೆನ್ನುವುದು ಸುಳ್ಳಲ್ಲ. ಆದರೂ ಕಾನೂನು ಗಟ್ಟಿಯಾಗಿತ್ತು. ತಪ್ಪು ಯಾರದೆಂದು ಕೇಳುವಂತಿಲ್ಲ. ಪೂರ್ತಿ ಅಶಕ್ತನಾದವನಿಗೆ ಸಂಪಾದನೆಯ ಮೂರನೇ ಎರಡು ಪಾಲು ಪಿಂಚಣಿ. ಖರ್ಚು ಉದ್ದಿಮೆದಾರರು ಕಟ್ಟಿಕೊಂಡ ವೃತ್ತಿಸಂಘಗಳದು. ಇದಕ್ಕೆ ಬದಲಾಗಿ ಕಾರ್ಮಿಕ ಮಾಲೀಕನ ಮೇಲೆ ಪರಿಹಾರದ ದಾವೆ ಹೂಡುವ ಹಕ್ಕನ್ನು ಬಹುತೇಕ ಬಿಟ್ಟುಕೊಟ್ಟ. ಇಡೀ ವ್ಯವಸ್ಥೆ ನಿಂತಿರುವುದು ಈ ಕೊಡುಕೊಳ್ಳುವಿಕೆಯ ಮೇಲೆ.

ಆ ಕಾನೂನು ಕಂತ್ರಾಟುದಾರರ ಕೈಕೆಳಗಿನ ಗಾರೆಯವರನ್ನೂ ಬಡಗಿಗಳನ್ನೂ ಒಳಗೊಂಡಿತ್ತು. ಆದರೆ ಕಂತ್ರಾಟುದಾರನೇ ಇಲ್ಲದೆ ಮನೆಯ ಯಜಮಾನನೇ ಆಳುಗಳನ್ನಿಟ್ಟು ಕಟ್ಟಿಸಿದರೆ? ಗೋಡೆಯ ಎತ್ತರ ಅಷ್ಟೇ, ಬೀಳುವ ಪೆಟ್ಟೂ ಅಷ್ಟೇ. ವಿಮೆ ಮಾತ್ರ ಇಲ್ಲ. 1887ರಲ್ಲಿ ಕಟ್ಟಡ ಕೆಲಸಗಳಿಗೆಂದೇ ಬಂದ ಪ್ರತ್ಯೇಕ ಕಾನೂನು ಈ ಬಿರುಕನ್ನು ಮುಚ್ಚಿತು. ಸ್ವಂತಕ್ಕೆ ಕಟ್ಟಿಸುವವನೂ ವಂತಿಗೆ ಕೊಡಬೇಕಾಯಿತು. ಆರು ದಿನ ಮೀರದ ಚಿಲ್ಲರೆ ಕೆಲಸಗಳ ಹೊರೆಯನ್ನು ಊರಿನ ಆಡಳಿತಗಳ ಮೇಲೆ ಹಾಕಲಾಯಿತು. ಕೋಳಿಗೂಡು ಕಟ್ಟುವವನಿಂದಲೂ ವಂತಿಗೆ ಕೇಳುತ್ತ ಹೋದರೆ ವಸೂಲಿಯ ಖರ್ಚೇ ಹೆಚ್ಚಾದೀತು!

ಕೂಲಿಯಿಲ್ಲದೆ ಬಂದ ಸ್ನೇಹಿತನ ಸರದಿ ಬಂದದ್ದು 1942ರಲ್ಲಿ, ಯುದ್ಧದ ನಡುವೆ. ಆವರೆಗೆ ವಿಮೆ ಇದ್ದದ್ದು ಉದ್ದಿಮೆಗೆ. ಅಂದಿನ ತಿದ್ದುಪಡಿ ಅದನ್ನು ದುಡಿಯುವ ವ್ಯಕ್ತಿಗೆ ಕೊಟ್ಟಿತು. ನೌಕರನಂತೆ ದುಡಿಯುವ ಯಾರಿಗಾದರೂ, ಅದು ತಾತ್ಕಾಲಿಕವೇ ಆಗಿರಲಿ, ರಕ್ಷಣೆ ಉಂಟೆಂಬ ಮಾತು ಆಗ ಸೇರಿತು. 1963ರಲ್ಲಿಯೂ ಅದು ಉಳಿಯಿತು. 1997ರಿಂದ ಜಾರಿಯಲ್ಲಿರುವ ಸಾಮಾಜಿಕ ಸಂಹಿತೆಯ ಏಳನೆಯ ಭಾಗದಲ್ಲಿಯೂ ಇದೆ. ಪ್ರಾಂತವಾರು ಇದ್ದ ಕಟ್ಟಡ ಸಂಘಗಳು 2005ರಲ್ಲಿ ಸೇರಿ ಬಿ.ಜಿ. ಬೌ ಎಂಬ ಒಂದೇ ಸಂಸ್ಥೆಯಾದವು. ಸುಮಾರು ನಲವತ್ತು ಗಂಟೆಗಳಲ್ಲಿ ಮುಗಿಯುವ ಖಾಸಗಿ ಕೆಲಸಕ್ಕೆ ಇಂದಿಗೂ ವಂತಿಗೆ ಇಲ್ಲ. ಅಂಥ ಕೆಲಸದ ಅಪಘಾತಗಳನ್ನು ಸಾರ್ವಜನಿಕ ವಿಮಾ ನಿಧಿಗಳು ನೋಡಿಕೊಳ್ಳುತ್ತವೆ.

ಮನೆ ಕಟ್ಟಿಸುವವನು ವರದಿ ಮಾಡದಿದ್ದರೆ ದಂಡ ಬೀಳಬಹುದು. ಆದರೆ ಅವನ ಅಲಕ್ಷ್ಯದ ಫಲವನ್ನು ಸಹಾಯಕ ಉಣ್ಣಬೇಕಿಲ್ಲ. ನೋಂದಣಿಯಾಗಿರದಿದ್ದರೂ ಅವನಿಗೆ ಚಿಕಿತ್ಸೆ ಉಂಟು, ದುಡಿಯುವ ಶಕ್ತಿ ಶಾಶ್ವತವಾಗಿ ಕುಗ್ಗಿದರೆ ಪಿಂಚಣಿ ಉಂಟು, ಸತ್ತರೆ ಹೆಂಡತಿ ಮಕ್ಕಳಿಗೂ ಉಂಟು. ಕೆಲಸಕ್ಕೆ ಬರುವ, ಮನೆಗೆ ಮರಳುವ ದಾರಿಯ ಅಪಘಾತವೂ ಲೆಕ್ಕಕ್ಕೆ ಬರುತ್ತದೆ.

ತಂಟೆ ಇರುವುದು ಗೆರೆ ಎಳೆಯುವಲ್ಲಿ. ಮಗ ಅಪ್ಪನಿಗೆ ಅರ್ಧ ದಿನ ಕೈಗೂಡಿಸಿದರೆ ಅದು ಮನೆಯ ಸಹಜ ನೆರವು. ವಾರಗಟ್ಟಲೆ ಗಾರೆ ಕೆಲಸ ಮಾಡಿದರೆ ಕಾರ್ಮಿಕನಂಥ ದುಡಿಮೆ. ನಂಟು ಎಷ್ಟು ಹತ್ತಿರದ್ದು, ಕೆಲಸ ಎಷ್ಟು ಹೊತ್ತಿನದು, ಅಪಾಯ ಎಂಥದು ಎಂದು ಅಳೆದು ತೂಗಿ ಅಲ್ಲಿನ ಸಾಮಾಜಿಕ ನ್ಯಾಯಾಲಯಗಳು ತೀರ್ಪು ಕೊಡುತ್ತವೆ.

ಇಷ್ಟೆಲ್ಲ ಆದಮೇಲೂ ಹೊರಗುಳಿದವನು ಮನೆಯ ಯಜಮಾನ. ಅವನಿಗಾಗಲಿ ಜೊತೆಗೆ ಕಟ್ಟಿಸುತ್ತಿರುವ ಹೆಂಡತಿಗಾಗಲಿ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ. ಬೇಕಿದ್ದರೆ ಸ್ವಇಚ್ಛೆಯಿಂದ ಪ್ರತ್ಯೇಕ ವಿಮೆ ಮಾಡಿಸಬೇಕು, ಅದೂ ಬಿದ್ದಮೇಲಲ್ಲ, ಮೊದಲೇ. ಸರ್ಕಾರದ ವಸತಿ ನೆರವು ಪಡೆದು ತನ್ನ ಕೈಯಾರೆ ಕಟ್ಟಿಕೊಳ್ಳುವ ಬಡ ಕುಟುಂಬಗಳಿಗೆ ಮಾತ್ರ ಕಾನೂನು ವಿನಾಯಿತಿ ಕೊಟ್ಟಿದೆ. ಅಲ್ಲಿ ಯಜಮಾನನೂ ವಿಮೆಯೊಳಗೇ ಇರುತ್ತಾನೆ, ಒಂದು ಕಾಸೂ ಕಟ್ಟದೆ.