ಬೆಂಗಳೂರು ಪೇಟೆಯೂ ಅದರ ಕೆರೆಗಳೂ

ಪಟ್ಟಣವೊಂದರ ಚರಿತ್ರೆಯನ್ನರಿಯಲು ಅದರ ಕೋಟೆ ಅರಮನೆಗಳನ್ನು ನೋಡಿದರೆ ಸಾಲದು. ಜನರು ನೆರೆಯುವ ಬಯಲನ್ನೂ ನೀರಿನ ನೆಲೆಯನ್ನೂ ನೋಡಬೇಕು. ಸುಮಾರು 1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಬೆಂಗಳೂರಿನಲ್ಲಿ ಅಕ್ಕಿಪೇಟೆ, ಅರಳೇಪೇಟೆ, ರಾಗಿಪೇಟೆ, ಬಳೇಪೇಟೆಗಳೆಂದು ವ್ಯಾಪಾರಕ್ಕೆ ತಕ್ಕ ಬೀದಿಗಳು ಬೆಳೆದುವು. ಧರ್ಮಾಂಬುಧಿ, ಸಂಪಂಗಿ, ಸಿದ್ದಿಕಟ್ಟೆ ಎಂಬ ಜಲಾಶಯಗಳು ಆ ಪೇಟೆಗೆ ಆಧಾರವಾಗಿದ್ದುವು.

1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳ ಮೂಲಕ ಊರಿಗೆ ಬಂದಿತು. ದೂರದ ನೀರು ದೊರೆತೊಡನೆ ಹತ್ತಿರದ ಕೆರೆಯ ಮೇಲಣ ಆದರವು ಕುಂದಿತು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುವು; ಊರಿನ ನಡುವಣ ನೆಲದ ಬೆಲೆಯೂ ಏರಿತು. ಸಿದ್ದಿಕಟ್ಟೆಯಿದ್ದೆಡೆಯಲ್ಲಿ 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ನಿರ್ಮಿತವಾಯಿತು. ಧರ್ಮಾಂಬುಧಿಯ ಅಂಗಳವು ಕ್ರಮೇಣ ಬಸ್ಸಿನ ನಿಲ್ದಾಣವಾಯಿತು. ಸಂಪಂಗಿಯ ಅಂಗಳವು ಕಂಠೀರವ ಕ್ರೀಡಾಂಗಣವಾಯಿತು.

ಇವುಗಳಿಂದ ಜನಕ್ಕೆ ಉಪಕಾರವಾಗಲಿಲ್ಲವೆನ್ನುವುದು ನ್ಯಾಯವಲ್ಲ. ಮಾರುಕಟ್ಟೆಯೂ ನಿಲ್ದಾಣವೂ ಸರ್ವರಿಗೂ ಸೇರಿದ ತಾಣಗಳೇ. ಆದರೆ ಸಂಪಂಗಿಯ ನೀರನ್ನು ನಂಬಿ ಹೂವು ತರಕಾರಿಗಳನ್ನು ಬೆಳೆಯುತ್ತಿದ್ದ ತಿಗಳರ ತೋಟಗಳು ಕೆರೆಯೊಡನೆಯೇ ಅಳಿದುವು. ಧರ್ಮರಾಯಸ್ವಾಮಿ ದೇವಾಲಯದ ಕರಗಕ್ಕೆ ಆ ಕೆರೆಯೊಡನೆ ಪುರಾತನ ಸಂಬಂಧವಿದ್ದುದರಿಂದ, ಉತ್ಸವದ ವಿಧಿಗಾಗಿ ಪುಟ್ಟ ಕೊಳವೊಂದನ್ನು ಮಾತ್ರ ಉಳಿಸಲಾಗಿದೆ. ಒಕ್ಕಲುತನಕ್ಕೆ ದೊರೆಯದ ರಕ್ಷಣೆಯು ಆಚಾರಕ್ಕೆ ದೊರೆಯಿತು.

ನಗರವನ್ನು ಹೊಸದಾಗಿ ತಿದ್ದುವವರು ಬರಿದಾದ ನೆಲವೆಂದು ಯಾವುದನ್ನೂ ಭಾವಿಸಲಾಗದು. ಅಲ್ಲಿ ಮುಂದೆ ಏನು ಕಟ್ಟಬೇಕೆಂಬುದಕ್ಕೆ ಮೊದಲು, ಅದುವರೆಗೆ ಯಾರು ಅದರಿಂದ ಬದುಕಿದರೆಂಬುದನ್ನು ಕೇಳತಕ್ಕುದು. ಸಂಪಂಗಿಯ ಆ ಕೊಳವು ಈ ಪ್ರಶ್ನೆಯನ್ನೇ ಇಂದಿಗೂ ಹಿಡಿದು ನಿಂತಿದೆ.