ಸಂಡೂರು: ಸಂಸ್ಥಾನ ಹೋಯ್ತು, ಗಣಿ ಉಳೀತು. ಬೆಟ್ಟ ಯಾರದ್ದು?

ಬಳ್ಳಾರಿ ಜಿಲ್ಲೆಯ ಸಂಡೂರು ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಅಕ್ರಮ ಗಣಿಗಾರಿಕೆ, ಕೆಂಪು ದೂಳು, ಲಾರಿಗಳ ಸಾಲು, ಲೋಕಾಯುಕ್ತ ವರದಿ. ಆದರೆ 1949ರವರೆಗೂ ಇದು ಸ್ವಂತ ರಾಜ, ಸ್ವಂತ ಆಡಳಿತ ಇದ್ದ ಒಂದು ಪುಟ್ಟ ರಾಜ್ಯ. ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತ್ಯದೊಳಗೆ ಸುಮಾರು 160 ಚದರ ಮೈಲಿಯ ದ್ವೀಪದ ಹಾಗಿತ್ತು. 1901ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ಇವತ್ತು ಜಕ್ಕೂರಿನ ಒಂದೆರಡು ವಾರ್ಡುಗಳಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ಹಾಗಂತ ಬೆಂಗಳೂರಿಗೂ ಸಂಡೂರಿಗೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ರಾಜ್ಯದ ಅತಿ ದೊಡ್ಡ ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ಇದೇ ತಾಲ್ಲೂಕಿನಲ್ಲಿದೆ. ನಗರದ ಫ್ಲೈಓವರು, ಅಪಾರ್ಟ್‌ಮೆಂಟುಗಳಿಗೆ ಬೇಕಾದ ಕಬ್ಬಿಣದ ಕತೆ ಶುರುವಾಗೋದು ಇಂಥ ಬೆಟ್ಟಗಳಿಂದಲೇ. ಆ ಬೆಟ್ಟ ಯಾವುದು, ಅದರ ಮೇಲೆ ಯಾರ್‍ಯಾರು ಹಕ್ಕು ಸಾಧಿಸಿದರು ಅನ್ನೋದನ್ನ ಮೊದಲಿನಿಂದ ನೋಡೋಣ.

ಒಣ ಬಯಲಿನ ನಡುವೆ ಹಸಿರು ಕಣಿವೆ

ಬಳ್ಳಾರಿ ಕರ್ನಾಟಕದ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಕಪ್ಪು ಎರೆಮಣ್ಣು, ಬೋಳು ಬಂಡೆಗುಡ್ಡ, ಜಾಲಿ, ಬಿಸಿಲು. ಅದರ ಮಧ್ಯೆ ವಾಯವ್ಯದಿಂದ ಆಗ್ನೇಯಕ್ಕೆ ಜೋಡಿ ಬೆಟ್ಟಸಾಲು ಎದ್ದು ನಿಂತಿದೆ. ಎರಡರ ನಡುವಿನ ಕಣಿವೆಯೇ ಸಂಡೂರು. ಸಾಲಿನ ಒಂದು ತುದಿಯಲ್ಲಿ ರಾಮನದುರ್ಗ, ಇನ್ನೊಂದು ಕಡೆ ಕುಮಾರಸ್ವಾಮಿ ಬೆಟ್ಟ. ಎರಡೂ ಮೂರು ಸಾವಿರ ಅಡಿಗಿಂತ ಎತ್ತರ. ಬ್ರಿಟಿಷರು ತಮ್ಮ ಸೈನಿಕರ ಆರೈಕೆಗೆ ಜಾಗ ಹುಡುಕಿದಾಗ ಆರಿಸಿಕೊಂಡದ್ದು ಇದೇ ರಾಮನದುರ್ಗವನ್ನ. ಸುತ್ತಲಿನ ಬಯಲಿಗಿಂತ ಅಲ್ಲಿ ಅಷ್ಟು ತಂಪು. ಬೆಟ್ಟದ ನೀರೆಲ್ಲ ನಾರಿಹಳ್ಳಕ್ಕೆ ಸೇರಿ, ಗಂಡಿಗಳನ್ನ ಸೀಳಿಕೊಂಡು ಹರಿಯುತ್ತೆ. ಸುತ್ತಲ ಊರುಗಳ ಹೊಲಕ್ಕೂ ಬಾವಿಗೂ ಈ ಬೆಟ್ಟವೇ ನೀರಿನ ತೊಟ್ಟಿ.

ಬೆಟ್ಟದ ಹೊಟ್ಟೆಯಲ್ಲಿರೋದು 250 ಕೋಟಿ ವರ್ಷಕ್ಕೂ ಹಳೆಯ ಶಿಲೆ. ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗ ಅನ್ನೋದು ಇದನ್ನೇ. ಕಬ್ಬಿಣ ಮತ್ತು ಬೆಣಚು ಪಟ್ಟೆಪಟ್ಟೆಯಾಗಿ ಕೂತ ಈ ಶಿಲೆ ಕಾಲಾಂತರದಲ್ಲಿ ಸವೆದು, ಮೇಲ್ಭಾಗದಲ್ಲಿ ಉತ್ಕೃಷ್ಟ ಹೆಮಟೈಟ್ ಅದಿರು ಉಳಿದಿದೆ. ಜೊತೆಗೆ ಮ್ಯಾಂಗನೀಸ್. ರಾಬರ್ಟ್ ಬ್ರೂಸ್ ಫೂಟ್ 1895ರಲ್ಲೇ ಬಳ್ಳಾರಿ ಸೀಮೆಯ ಭೂವಿವರ ಪ್ರಕಟಿಸಿದ್ದರು. ಅದಿರು ಇರೋದು ಬೆಟ್ಟದ ನೆತ್ತಿಯಲ್ಲಿ, ಕಾಡು ಬೆಳೆದಿರೋದೂ ಅಲ್ಲೇ, ನೀರು ಇಂಗೋದೂ ಅಲ್ಲೇ. ಸಂಡೂರಿನ ಜಗಳದ ಮೂಲ ಇಷ್ಟೇ: ಒಂದನ್ನ ತೆಗೀಬೇಕಂದ್ರೆ ಉಳಿದೆರಡನ್ನ ಕಳಕೊಳ್ಳಬೇಕು.

ಉಡದ ಹೆಸರಿನ ಮನೆತನ

18ನೇ ಶತಮಾನದ ಮೊದಲ ಭಾಗದಲ್ಲಿ ಬೇಡ ಪಾಳೇಗಾರರಿಂದ ಸಂಡೂರನ್ನ ಗೆದ್ದವರು ಮರಾಠಾ ಘೋರ್ಪಡೆ ಮನೆತನದ ಸಿದ್ದೋಜಿರಾವ್. ಮರಾಠಿಯಲ್ಲಿ ಘೋರ್ಪಡ್ ಅಂದ್ರೆ ಉಡ. ಬಹಮನಿಗಳ ಕಾಲದಲ್ಲಿ ಈ ಮನೆತನದ ಹಿರಿಯನೊಬ್ಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ, ಅದಕ್ಕೇ ಆ ಹೆಸರು ಬಂತು ಅನ್ನೋದು ಐತಿಹ್ಯ. ನಂತರ ಹೈದರಾಲಿ ಸಂಡೂರನ್ನ ವಶಪಡಿಸಿಕೊಂಡ. ಕೃಷ್ಣಾನಗರದ ಕೋಟೆಯನ್ನ ಅವನು ಶುರುಮಾಡಿ ಟಿಪ್ಪು ಮುಗಿಸಿದ. ಟಿಪ್ಪುವಿನ ನಂತರ ಪೇಶ್ವೆಯ ಕಣ್ಣೂ ಇದರ ಮೇಲೆ ಬಿತ್ತು. ಕೊನೆಗೆ 1817ರಲ್ಲಿ ಥಾಮಸ್ ಮನ್ರೋ ಸೈನ್ಯದೊಂದಿಗೆ ಬಂದಾಗ ರಾಜ ಶಿವರಾವ್ ಶರಣಾದರು. ಪೇಶ್ವೆಯ ಪತನದ ನಂತರ ರಾಜ್ಯ ಅವರಿಗೆ ವಾಪಸ್ ಬಂತು, 1826ರಲ್ಲಿ ಕಂಪನಿ ಸರ್ಕಾರ ಸನದು ಕೊಟ್ಟಿತು.

ಈ ಸನದು ಅನ್ನೋ ಕಾಗದವನ್ನ ನೆನಪಿಟ್ಟುಕೊಳ್ಳಿ. ಬೆಟ್ಟ ಯಾರದ್ದು ಅಂತ ಹೊರಗಿನವರು ಬರೆದುಕೊಟ್ಟ ಕಾಗದ ಅದು. ಇಂಥ ಕಾಗದ ಮುಂದೆಯೂ ಬೇರೆ ಬೇರೆ ಹೆಸರಲ್ಲಿ ಬರುತ್ತೆ.

ಕೊನೆಯ ಅರಸ ಯಶವಂತರಾವ್ ಹಿಂದೂರಾವ್ ಘೋರ್ಪಡೆ. ತಿರುವಾಂಕೂರಿನ 1936ರ ದೇವಾಲಯ ಪ್ರವೇಶ ಘೋಷಣೆಗಿಂತ ಮೊದಲೇ ಇಲ್ಲಿನ ದೇವಸ್ಥಾನಗಳನ್ನ ದಲಿತರಿಗೆ ತೆರೆದದ್ದು ಇವರ ಹೆಗ್ಗಳಿಕೆ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಅನ್ನೋ ಮಾತು ಅವರದ್ದೇ ಅಂತ ಊರವರು ಇವತ್ತಿಗೂ ಹೇಳ್ತಾರೆ. ಮುಂಗಾರು ಮುಗಿಯುವ ಹೊತ್ತಿಗೆ ಬೆಟ್ಟ ಹಸಿರಾಗೋದು ಆಗಲೇ.

1949ರಲ್ಲಿ ಸಂಡೂರು ಮದ್ರಾಸ್ ರಾಜ್ಯಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಇಬ್ಭಾಗವಾದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಂಡೂರು ಮೈಸೂರಿಗೆ ಬಂತು.

ಲಾಂಛನಗಳೆಲ್ಲ ಬೆಟ್ಟದವೇ

ಅರಮನೆಯ ಗುರುತು ಉಡ. ಜನರ ಗುರುತು ಬೇರೆ. ಸ್ವಾಮಿಮಲೆಯ ಮೇಲಿನ ಪಾರ್ವತಿ ಮತ್ತು ಕುಮಾರಸ್ವಾಮಿ ಗುಡಿಗಳು ಸಾವಿರ ವರ್ಷಕ್ಕೂ ಹಳೆಯವು, ಚಾಲುಕ್ಯ-ರಾಷ್ಟ್ರಕೂಟರ ಕಾಲದವು. ಕುಮಾರಸ್ವಾಮಿ ತಾರಕಾಸುರನನ್ನ ಕೊಂದದ್ದು ಇಲ್ಲೇ ಅನ್ನೋದು ಸ್ಥಳಪುರಾಣ. ಬೆಟ್ಟದ ಹಳೆಯ ಹೆಸರು ಲೋಹಾಚಲ, ಅಂದ್ರೆ ಕಬ್ಬಿಣದ ಬೆಟ್ಟ. ಒಳಗೇನಿದೆ ಅಂತ ಜನರಿಗೆ ಮೊದಲೇ ಗೊತ್ತಿತ್ತು. ಆದರೂ ಅದನ್ನ ದೇವರ ಜಾಗ ಅಂತ ಬಿಟ್ಟಿದ್ದರು.

ಇನ್ನೊಂದು ಗುರುತು ಲಂಬಾಣಿ ಕಸೂತಿ. ಸಂಡೂರಿನ ತಾಂಡಾಗಳ ಹೆಣ್ಣುಮಕ್ಕಳ ಈ ಸೂಜಿ ಕೆಲಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ, ಅಂದ್ರೆ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಇಲ್ಲಿನ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ವಿದೇಶಿ ಅತಿಥಿಗಳ ಮುಂದೆ ಕಸೂತಿ ಸಂಡೂರಿನ ಹೆಮ್ಮೆ. ಆದರೆ ಆ ತಾಂಡಾಗಳ ಪಕ್ಕದ ಗುಡ್ಡ ಅಗೆಯುವಾಗ ಆ ಮಹಿಳೆಯರ ಅಭಿಪ್ರಾಯಕ್ಕೆ ಎಷ್ಟು ಬೆಲೆ ಸಿಕ್ಕಿದೆ?

ಇನಾಮಿನಿಂದ ಲೀಸಿಗೆ

20ನೇ ಶತಮಾನದ ಆರಂಭದಲ್ಲೇ ಜನರಲ್ ಸಂಡೂರು ಮೈನಿಂಗ್ ಕಂಪನಿ ಇಲ್ಲಿ ಮ್ಯಾಂಗನೀಸ್ ತೆಗೀತಿತ್ತು. ಸಂಸ್ಥಾನ ವಿಲೀನವಾದ ಮೇಲೆ, 1954ರಲ್ಲಿ ಮಾಜಿ ಅರಸರೇ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಕಟ್ಟಿದರು. ರಾಜ ಹೋಗಿ ಲೀಸುದಾರ ಬಂದ, ಆದರೆ ಮನೆತನ ಅದೇ. 1970ರ ದಶಕದಲ್ಲಿ ದೋಣಿಮಲೆಯಲ್ಲಿ ಕೇಂದ್ರದ ಎನ್‌ಎಂಡಿಸಿ ಗಣಿ ಶುರುವಾಯಿತು.

ಇದರ ನಡುವೆ 1973ರಲ್ಲಿ ಒಂದು ದೊಡ್ಡ ಹೋರಾಟ ನಡೀತು. ಕುಮಾರಸ್ವಾಮಿ ದೇವಸ್ಥಾನದ ಹೆಸರಲ್ಲಿದ್ದ ಇನಾಮು ಜಮೀನನ್ನ ಉಳುವ ರೈತರಿಗೆ ಕೊಡಿ ಅಂತ ಸಮಾಜವಾದಿಗಳ ಮುಂದಾಳತ್ವದಲ್ಲಿ ಸತ್ಯಾಗ್ರಹ, ಜೈಲ್‌ಭರೋ. ಆಗ ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು ಇದೇ ಮನೆತನದ ಎಂ.ವೈ. ಘೋರ್ಪಡೆ. ಮರುವರ್ಷವೇ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯನ್ನ ಓದುವಾಗ ಕಾಗೋಡು ನೆನಪಾಗುತ್ತೆ, ಸಂಡೂರು ನೆನಪಾಗೋದು ಕಡಿಮೆ. ನೆನಪಾಗಬೇಕು. ಉಳುವವನಿಗೆ ಭೂಮಿ ಅನ್ನೋ ಮಾತು ಇಲ್ಲಿ ಹೊಲದವರೆಗೆ ಬಂತು, ಬೆಟ್ಟದ ಬುಡಕ್ಕೆ ಬಂದು ನಿಂತಿತು.

ಟನ್ನಿಗೆ 27 ರೂಪಾಯಿ

2000ದ ನಂತರ ಚೀನಾದ ಉಕ್ಕಿನ ಹಸಿವು ಹೆಚ್ಚಾಯಿತು. 2003ರಲ್ಲಿ ರಾಜ್ಯ ಸರ್ಕಾರ ಸಾರ್ವಜನಿಕ ವಲಯಕ್ಕೆ ಮೀಸಲಾಗಿದ್ದ ದೊಡ್ಡ ಪ್ರದೇಶವನ್ನ ಖಾಸಗಿಯವರಿಗೆ ತೆರೆಯಿತು. ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿದಾಗಲೂ 2009ರವರೆಗೆ ಸರ್ಕಾರಕ್ಕೆ ಸಿಗ್ತಿದ್ದ ರಾಯಧನ ಟನ್ನಿಗೆ ಸುಮಾರು 16ರಿಂದ 27 ರೂಪಾಯಿ ಮಾತ್ರ. ಇದು ನಮ್ಮಲ್ಲಿ ಮಾತ್ರ ನಡೆದ ವಿಚಿತ್ರವಲ್ಲ. ಅಮೆರಿಕದ ಮರುಭೂಮಿ ರಾಜ್ಯ ನೆವಾಡಾದಲ್ಲಿ ಒಕ್ಕೂಟ ಸರ್ಕಾರದ ಜಮೀನಿನಿಂದ ಚಿನ್ನ ತೆಗೆಯುವ ಕಂಪನಿಗಳು 1872ರ ಕಾಯ್ದೆಯ ಪ್ರಕಾರ ಆ ಸರ್ಕಾರಕ್ಕೆ ರಾಯಧನವನ್ನೇ ಕೊಡಬೇಕಿಲ್ಲ. ಒಣ ನೆಲ ಅಂದ್ರೆ ಖಾಲಿ ನೆಲ, ಅಗೆದರೆ ಯಾರಿಗೂ ನಷ್ಟ ಇಲ್ಲ ಅನ್ನೋ ನಂಬಿಕೆ ಎರಡೂ ಕಡೆ ಕೆಲಸ ಮಾಡಿದೆ.

2006ರಲ್ಲಿ ತುಮಟಿ ಬಳಿ, ಆಂಧ್ರದ ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿ ಗುಡಿಯನ್ನೇ ಸ್ಫೋಟಿಸಲಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2008ರಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಅಂತ ಎರಡನೇ ವರದಿ ಅಂದಾಜಿಸಿತು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು.

2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೋರ್ಟ್ ಗಣಿಗಳನ್ನ ಎ, ಬಿ, ಸಿ ಅಂತ ಮೂರು ವರ್ಗ ಮಾಡಿದ್ದನ್ನ ಒಪ್ಪಿತು. ಹೆಚ್ಚು ಉಲ್ಲಂಘನೆ ಮಾಡಿದ ಸಿ ವರ್ಗದ ಲೀಸುಗಳು ರದ್ದಾಗಿ ಹರಾಜಿಗೆ ಹೋದವು. ವರ್ಷಕ್ಕೆ ಎಷ್ಟು ಅದಿರು ತೆಗೀಬಹುದು ಅನ್ನೋದಕ್ಕೆ ಮಿತಿ ಬಿತ್ತು. ಬಳ್ಳಾರಿಗೆ ಮೊದಲು 250 ಲಕ್ಷ ಟನ್ ಇದ್ದದ್ದು ಆಮೇಲೆ 280 ಲಕ್ಷ, 2022ರ ಆಗಸ್ಟ್‌ನಲ್ಲಿ 350 ಲಕ್ಷ ಟನ್ ಆಯಿತು. ಅದೇ ವರ್ಷದ ಮೇನಲ್ಲಿ ರಫ್ತು ನಿಷೇಧವೂ ಸಡಿಲವಾಯಿತು. ಹಾಳಾದ ಪ್ರದೇಶದ ಪುನಶ್ಚೇತನಕ್ಕಾಗಿ ಅದಿರು ಮಾರಾಟದ ಪಾಲಿನಿಂದ ಸಾವಿರಾರು ಕೋಟಿ ಜಮೆಯಾಗಿ, ಅದಕ್ಕೆಂದೇ ಒಂದು ನಿಗಮವೂ ಬಂತು. ಮಿತಿ ಮೂರು ಸಲ ಬರೆಯಲಾಯಿತು. ಆದರೆ ಅಗೆದ ಬೆಟ್ಟ ಮತ್ತೆ ಬೆಳೆಯೋದಿಲ್ಲ.

ದೇವದಾರಿ: ಹಳೇ ಪ್ರಶ್ನೆ, ಹೊಸ ಕಾಗದ

2024ರ ಜೂನ್‌ನಲ್ಲಿ ಉಕ್ಕು ಖಾತೆ ವಹಿಸಿಕೊಂಡ ಎಚ್.ಡಿ. ಕುಮಾರಸ್ವಾಮಿ, ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕೆಐಒಸಿಎಲ್ ಗಣಿಗೆ ಒಪ್ಪಿಗೆಯ ಸಹಿ ಹಾಕಿದರು. ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಹೆಚ್ಚು ಮರ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಕುದುರೆಮುಖದ ಗಣಿ ನಿಲ್ಲಿಸಬೇಕಾಗಿ ಬಂದ ಕಂಪನಿ ಇದೇ. ಕುದುರೆಮುಖದ ಹಳೇ ಬಾಕಿ ತೀರಿಸದೆ ಅರಣ್ಯ ಜಮೀನು ಕೊಡಬೇಡಿ ಅಂತ ರಾಜ್ಯದ ಅರಣ್ಯ ಮಂತ್ರಿ ಈಶ್ವರ ಖಂಡ್ರೆ ಸೂಚಿಸಿದರು.

ಕೇಂದ್ರ ಒಂದು ಪಕ್ಷ, ರಾಜ್ಯ ಇನ್ನೊಂದು ಪಕ್ಷ, ಹಾಗಾಗಿ ಜಗಳ ಟಿವಿಯಲ್ಲಿ ಚೆನ್ನಾಗೇ ನಡೀತು. ಆದರೆ ಗಮನಿಸಿ: ಬೆಟ್ಟ ಉಳಿಯಬೇಕೋ ಬೇಡವೋ ಅನ್ನೋದಕ್ಕಿಂತ ಬಾಕಿ ಯಾರು ಕಟ್ಟಬೇಕು ಅನ್ನೋದೇ ಅಲ್ಲಿ ಅಡ್ಡ ನಿಂತದ್ದು. ಬಾಕಿ ಕಟ್ಟಿದರೆ ಏನಾಗುತ್ತೆ?

ಸನದು, ಇನಾಮು, ಲೀಸು, ಹರಾಜು, ಅರಣ್ಯ ತೀರುವಳಿ. ಇನ್ನೂರು ವರ್ಷದಲ್ಲಿ ಸಂಡೂರಿನ ಬೆಟ್ಟದ ಮೇಲೆ ಬಂದ ಕಾಗದಗಳು ಇವು. ಪ್ರತಿಯೊಂದರ ಮೇಲೂ ಬೇರೆ ಬೇರೆ ಅಧಿಕಾರಸ್ಥರ ಸಹಿ ಇದೆ. ಆ ನೀರು ಕುಡಿಯುವ, ಆ ದೂಳು ಉಸಿರಾಡುವ ಊರುಗಳ ಸಹಿ ಯಾವುದರ ಮೇಲೂ ಇಲ್ಲ. 2008ರಿಂದ ಸಂಡೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಪ್ರಾತಿನಿಧ್ಯ ಇದೆ, ನಿಜ. ಮುಂದಿನ ಸಲ ಯಾವ ಪಕ್ಷದವರು ಬಳ್ಳಾರಿ ಗಣಿಯ ಬಗ್ಗೆ ಮಾತಾಡಿದರೂ ಎರಡೇ ಪ್ರಶ್ನೆ ಕೇಳಿ: ಈ ಗಣಿಗೆ ಅಲ್ಲಿನ ಗ್ರಾಮಸಭೆ ಒಪ್ಪಿದೆಯಾ? ಒಪ್ಪದಿದ್ದರೆ ನಿಲ್ಲಿಸ್ತೀರಾ?